ಗರುಡಮರಿ ಬಿರುದಿನ ಮಹಾಸಮರ

ಎಲೈ ಪೆಟ್ರೋಲ್‌ಗಂಧಪ್ರಿಯೆಯಾದ ವಾಗ್ದೇವಿಯೇ, ನನ್ನ ನಾಲಗೆಯನ್ನೂ ಟಾಪ್ ಗೇರಿಗೆ ಹಾಕು! ಕುದುರೆಗಳು ಲಾಯ ಬಿಟ್ಟು ಎಂಜಿನ್ನುಗಳೊಳಗೆ ಸೇರಿಕೊಂಡ ಈ ಕಲಿಯುಗದಲ್ಲಿ, ಶಿರಾದಾಚೆಯ ಬಯಲಿನ ರೇಸ್ ಟ್ರ್ಯಾಕಿನಲ್ಲಿ, ತಿಪಟೂರಿನ ಕೊಬ್ಬರಿಮಂಡಿಕುಲತಿಲಕನೂ ಪ್ರಚಂಡಹಾರನ್‌ಘೋಷನೂ ಸೀಟ್‌ಬೆಲ್ಟ್‌ಪೀಡಿತಮಹೋದರನೂ ಆದ ರೇಣುಕಪ್ಪನು ತನ್ನ ಭಾವನೊಡನೆ ಹೂಡಿದ ಘನಘೋರ ಸಮರವನ್ನು ಹಾಡುತ್ತೇನೆ. ಆಕಳಿಸುವವರು ಈಗಲೇ ಎದ್ದುಹೋಗಬಹುದು.

ಯುದ್ಧಕಾರಣ ಹೆಣ್ಣಲ್ಲ, ಹೊನ್ನಲ್ಲ, ಮಣ್ಣಲ್ಲ, ಸ್ಟಿಕ್ಕರು. ರೇಣುಕಪ್ಪನ ಕಾರಿನ ಹಿಂದಿನ ಗಾಜಿನ ಮೇಲೆ ರಕ್ತವರ್ಣದಲ್ಲಿ ವಿರಾಜಿಸುತ್ತಿದ್ದ ‘ಗರುಡ ಮರಿ’ ಎಂಬ ಬಿರುದನ್ನು, ಅವನ ಅಕ್ಕನ ಗಂಡನೂ ಹಿಟ್ಟಿನ ಗಿರಣಿಯ ಒಡೆಯನೂ ಆದ ಕಲ್ಲೇಶಪ್ಪ ತನ್ನ ಕಾರಿಗೂ ಅಂಟಿಸಿಕೊಂಡಿದ್ದ. ಒಂದೇ ಊರಿಗೆ ಎರಡು ಗರುಡಮರಿಗಳೇ? ಸೋತವನು ಕೈಯಾರೆ ತನ್ನ ಬಿರುದನ್ನು ಕೆರೆದು ತೆಗೆಯಬೇಕೆಂದು ಪಣವಾಯಿತು. ಆ ಬಿರುದು ಬರುವ ಮೊದಲು, ನಲವತ್ತು ದಾಟಿದ್ದರೂ, ಊರಿಗೆಲ್ಲ ರೇಣುಕಪ್ಪ ಹಾಲಮ್ಮನ ಮಗ ಅಷ್ಟೇ. ಮತ್ತೆ ಹಾಗಾಗುವುದನ್ನು ನೆನೆದರೇ ಅವನಿಗೆ ಅಳು ಬರುತ್ತಿತ್ತು.

ಪಂದ್ಯದ ದಿನ ಇಬ್ಬರ ಕಾರುಗಳೂ ಟ್ರ್ಯಾಕಿನಲ್ಲಿ ಸಾಲಾಗಿ ನಿಂತಾಗ, ಪಕ್ಕದ ಪಥದಿಂದ ಕಲ್ಲೇಶಪ್ಪ ಗಾಜಿಳಿಸಿ ಗರ್ಜಿಸಿದ: “ಎಲವೋ ಬಾಮೈದ! ನನ್ನ ಕಲ್ಲಿಗೆ ಸಿಕ್ಕ ರಾಗಿ ಇಡಿಯಾಗಿ ಹೊರಬಂದದ್ದುಂಟೇ? ಇಂದು ನಿನ್ನನ್ನು ಬೀಸಿ, ಜರಡಿ ಹಿಡಿಯುತ್ತೇನೆ!”

“ಎಲೈ ಪಿಷ್ಟಧೂಳಿಧವಳಮೀಸೆಯ ಭಾವನೇ!” ಎಂದು ರೇಣುಕಪ್ಪ ಗುಡುಗಿದ. “ನನ್ನ ಹೊಗೆಯನ್ನು ಕುಡಿಯಲು ಮೂಗನ್ನು ಅಣಿಮಾಡಿಕೋ! ಗರುಡನ ಮರಿಯನ್ನು ಕೆಣಕಿದ ಹಾವುಗಳು—”

“ಮರೀ!” ಪ್ರೇಕ್ಷಕರ ಕಟ್ಟೆಯಿಂದ ತಾಯಿ ಹಾಲಮ್ಮನ ಕೂಗು ಕೇಳಿತು. “ಚಕ್ರಕ್ಕೆ ನಿಂಬೆಹಣ್ಣು ಇಟ್ಯೇನೋ? ಇಷ್ಟು ಜನದ ಕಣ್ಣು ಬಿದ್ದೈತೆ!”

ವೀರನು ನಾಚಿದ. ಆದರೂ ತಾಯಿಯ ಮಾತು ಮೀರುವವನಲ್ಲ. ಇಳಿದು, ಮುಂದಿನ ಚಕ್ರಗಳೆರಡರ ಬುಡಕ್ಕೂ ಒಂದೊಂದು ನಿಂಬೆಹಣ್ಣು ಸಿಕ್ಕಿಸಿ, ಕೈಮುಗಿದು, ಮತ್ತೆ ರಥಾರೂಢನಾದ.

ಹೊರಡುವ ಗೆರೆಯ ಮೇಲೆ ಕಣ್ಣಿಗೆ ಕಾಣದ ಬೆಳಕಿನ ಎಳೆಯೊಂದಿತ್ತು. ಹಸಿರು ದೀಪಕ್ಕೆ ಮುನ್ನ ಅದನ್ನು ದಾಟಿದವನು ಸೋತಂತೆ. ಹಳದಿ ದೀಪ ಹೊಳೆಯಿತು. ದಿಗ್ಗಜಗಳು ಕಿವಿ ಮುಚ್ಚಿಕೊಳ್ಳುವಂತೆ ಎಂಜಿನ್ನುಗಳು ಮೊರೆದವು. ರೇಣುಕಪ್ಪನ ಕಾರು ಆವೇಶದಿಂದ ಕೂದಲೆಳೆಯಷ್ಟು ನಡುಗಿತು. ಅಷ್ಟಕ್ಕೇ ಎಡಚಕ್ರದಡಿಯ ನಿಂಬೆಹಣ್ಣು ಪಿಚಕ್ಕನೆ ಚಿಮ್ಮಿ, ಉರುಳಿ, ಒಬ್ಬಂಟಿಯಾಗಿ, ನಿರ್ಭಯವಾಗಿ ಗೆರೆ ದಾಟಿತು.

ಕೆಂಪು ದೀಪ!

“ಮೊದ್ಲೇ ಹೊರಟ್ರಿ ಸಾರ್, ಔಟು,” ಎಂದು ಬಾವುಟದವನು ಓಡಿಬಂದ.

“ನಾನೆಲ್ಲಿ ಹೊರಟೆ ಕಣ್ರೀ? ಹೊರಟಿದ್ದು ನಿಂಬೆಹಣ್ಣು!”

“ನಿಮ್ಮ ಕಡೇದೇ ತಾನೇ ಸಾರ್ ಅದು?”

ಈ ಧರ್ಮಸೂಕ್ಷ್ಮಕ್ಕೆ ತಲೆಬಾಗಿ ವೀರನು ಎಂಜಿನ್ನು ಆರಿಸಿದ. ಅತ್ತ ಕಲ್ಲೇಶಪ್ಪ ಹ್ಯಾಂಡ್‌ಬ್ರೇಕ್ ಇಳಿಸುವುದನ್ನೇ ಮರೆತು, ಬುಸುಬುಸು ಹೊಗೆಯುಗುಳುತ್ತ, ಎಮ್ಮೆ ಕೆರೆಯಿಂದ ಏಳುವ ವೇಗದಲ್ಲಿ ಗುರಿ ಮುಟ್ಟಿ ವಿಜಯಿಯಾದ. ಜನ ಆ ಹೊಗೆಯನ್ನೇ ಪರಾಕ್ರಮವೆಂದು ತಿಳಿದು ಚಪ್ಪಾಳೆ ಹೊಡೆದರು.

ಪಾರ್ಕಿಂಗಿನ ಬಿಸಿಲಲ್ಲಿ ರೇಣುಕಪ್ಪ ಬ್ಲೇಡು ಹಿಡಿದು ಕೂತ. ‘ಗರುಡ’ ಸಲೀಸಾಗಿ ಎದ್ದು ಬಂತು. ಅಷ್ಟರಲ್ಲಿ ಬ್ಲೇಡು ಮುರಿಯಿತು. ಉಳಿದೆರಡು ಅಕ್ಷರಗಳು ಉಗುರಿಗೂ ಜಗ್ಗಲಿಲ್ಲ, ಸೀಮೆಎಣ್ಣೆಗೂ ಜಗ್ಗಲಿಲ್ಲ. ಭಾವ ಬಂದು ಬಗ್ಗಿ ಓದಿದ. ಮೀಸೆಯ ಹಿಟ್ಟು ಉದುರುವಂತೆ ನಕ್ಕ.

“ಇರ್ಲಿ ಬಿಡಯ್ಯ, ಇದಕ್ಕೆ ನಂದೇನೂ ತಕರಾರಿಲ್ಲ.”

ಮರದಡಿಯಲ್ಲಿ ಹಾಲಮ್ಮ ಬುತ್ತಿ ಬಿಚ್ಚಿದ್ದಳು.

“ಬಾರೋ ಮರಿ, ಚಿತ್ರಾನ್ನ ತಿನ್ನು. ಹುಳಿ ಒಂದಿಲ್ಲ ನೋಡು, ಇದ್ದ ನಿಂಬೆಹಣ್ಣನ್ನೆಲ್ಲ ನೀನೇ ತಗೊಂಡು ಹೋದೆ.”

ವೀರನು ಗಾಜನ್ನೊಮ್ಮೆ ನೋಡಿ, “ಬಂದೆ ಕಣಮ್ಮ,” ಎಂದು ಎದ್ದ.