ಗದ್ದದ ಐದು ಕೂದಲಿಗೆ ಶಾಶ್ವತ ಪರಿಹಾರ

ಎಲ್ಲರಿಗೂ ಒಂದೊಂದು ಗುಟ್ಟಿರುತ್ತದೆ. ನನ್ನದು ಗದ್ದದ ಮೇಲಿತ್ತು. ಐದು ಕೂದಲು. ನಲವತ್ತೈದು ದಾಟಿದ ಮೇಲೆ ಕರೆಯದೆ ಬಂದು ತಳವೂರಿದವು. ಅವನ್ನು ಮುಚ್ಚಲು ಸದಾ ಗದ್ದಕ್ಕೆ ಕೈ ಕೊಟ್ಟು ಕೂತೇ ನಾನು ಕಾರವಾರದ ನಮ್ಮ ಕಚೇರಿಯಲ್ಲಿ ದೊಡ್ಡ ವಿಚಾರವಂತೆ ಎಂದು ಹೆಸರು ಮಾಡಿದೆ. ಸಾಹೇಬರು ತಲೆನೋವಿನ ಕಡತಗಳನ್ನೆಲ್ಲ "ಮೇಡಂ ಯೋಚಿಸಿ ಬರೀತಾರೆ" ಎಂದು ನನ್ನ ಮೇಜಿಗೇ ತಳ್ಳುತ್ತಿದ್ದರು. ಮನೆಯ ಫೋಟೊಗಳಲ್ಲೂ ಅಷ್ಟೇ, ನನ್ನ ಮುಖದಲ್ಲಿ ಅರ್ಧ ಕೈಯೇ. ಅಂಕೋಲೆಯಲ್ಲಿ ಮಗಳ ನಿಶ್ಚಿತಾರ್ಥ ನಡೆಯುವುದಿತ್ತು. ಆ ಒಂದು ಫೋಟೊದಲ್ಲಾದರೂ ಕೈ ಇಳಿಸಿ ನಿಲ್ಲಬೇಕೆಂದು ನನಗೆ ಹಟ ಬಂತು.

ನಮ್ಮ ಕಚೇರಿಗೆ ಬರುವ ಮನವಿಗಳಲ್ಲೆಲ್ಲ "ಶಾಶ್ವತ ಪರಿಹಾರ" ಎಂಬ ಮಾತು ಇದ್ದೇ ಇರುತ್ತದೆ. "ಪರಿಶೀಲಿಸಲಾಗುವುದು" ಎಂದು ಬರೆದು ಕಳಿಸುವವಳು ನಾನೇ. ಹಾಗಾಗಿ ವಿಚಾರಿಸಲು ಹೋದ ಚರ್ಮದ ಕ್ಲಿನಿಕ್ಕಿನ ಹುಡುಗಿ ಎಲೆಕ್ಟ್ರಾಲಿಸಿಸ್ ಅಂದರೆ ಶಾಶ್ವತ ಎಂದಾಗ ಅನುಮಾನವೇ ಬಂತು. ಒಂದೊಂದು ಕೂದಲಿನ ಬುಡಕ್ಕೂ ಸಣ್ಣ ಸೂಜಿ ಇಳಿಸಿ, ಕರೆಂಟು ಕೊಟ್ಟು ಬೇರು ಸುಡುತ್ತಾರಂತೆ. ಲೇಸರ್‌ಗೆ ಬಿಳಿ ಕೂದಲು ಕಾಣದು, ಸೂಜಿಗೆ ಬಣ್ಣದ ಭೇದವಿಲ್ಲ. ನನ್ನ ಐದರಲ್ಲಿ ಎರಡು ಬೆಳ್ಳಗಾಗಿದ್ದವು. ಇಡೀ ಕಾರವಾರದಲ್ಲಿ ಅವು ಕಾಣದಿದ್ದದ್ದು ಆ ಲೇಸರ್ ಒಂದಕ್ಕೇ ಇರಬೇಕು! ತೊಂದರೆಗಳೂ ಇದ್ದವು. ಇರುವೆ ಕಚ್ಚಿದ ಹಾಗೆ ಚುರುಕ್ಕೆನ್ನುತ್ತದೆ, ಚರ್ಮ ಕೆಂಪಾಗುತ್ತದೆ, ತಿಂಗಳುಗಟ್ಟಲೆ ಅಲೆಯಬೇಕು. ಎಲ್ಲಕ್ಕಿಂತ ದೊಡ್ಡದೆಂದರೆ, ನಡುವೆ ಕೀಳುವ ಹಾಗಿಲ್ಲ. "ಬೆಳೆಸ್ಕಂಡು ಬನ್ನಿ ಮೇಡಂ, ಸೂಜಿಗೆ ದಾರಿ ಸಿಗ್ಬೇಕಲ್ಲ" ಎಂದಳು.

ತೆಗೆಸಲಿಕ್ಕೆಂದೇ ಬೆಳೆಸಿದೆ. ಬಸ್ಸಿನಲ್ಲಿ, ಕಚೇರಿಯಲ್ಲಿ, ಎಲ್ಲೆಡೆ ಮಾಸ್ಕ್. ಸೂಜಿಯ ಹಿಂದಿನ ದಿನ ಅಂಕೋಲೆ ಹತ್ತಿರದ ಶೆಟಗೇರಿಯ ತಾಯಿಮನೆಗೆ ಹೋದೆ. ಆಯಿ, ಅಂದರೆ ನನ್ನಮ್ಮ, ಹಿತ್ತಲಲ್ಲಿ ಮೀನು ಕೊಯ್ಯುತ್ತಿದ್ದಳು. ಸೆಕೆ ತಾಳಲಾರದೆ ಮಾಸ್ಕ್ ಇಳಿಸಿದೆ.

"ಎಂತದೇ ಇದು! ಮಗಳ ನಿಶ್ಚಿತಾರ್ಥ ಇಟ್ಕಂಡು ಗಡ್ಡ ಬಿಟ್ಕಂಡು ತಿರುಗ್ತೀಯಲೇ ಮಾರಾಯ್ತಿ!"

ಮೀನು ಜಾರದಿರಲೆಂದು ಕೈಗೆ ಒಲೆಯ ಬೂದಿ ಹಚ್ಚಿಕೊಳ್ಳುವುದು ಆಯಿಯ ಪದ್ಧತಿ. ಆ ಬೂದಿ ಬೆರಳುಗಳಿಂದಲೇ, ನಾನು ಬಾಯಿ ತೆರೆಯುವಷ್ಟರಲ್ಲಿ, ಐದನ್ನೂ ಕಿತ್ತಳು.

"ಆಯಿ! ನಾಳೆ ಅದ್ಕೆ ಕರೆಂಟ್ ಕೊಡ್ಸೂದಿತ್ತು!"

"ಇಷ್ಟಕ್ಕೆ ಕರೆಂಟ್ ಎಂತಕ್ಕೇ?" ಎಂದು ಅವಳು ಮೀನಿಗೆ ಮರಳಿದಳು.

ಮರುದಿನ ಕ್ಲಿನಿಕ್ಕಿನ ಹುಡುಗಿ ಭೂತಗನ್ನಡಿ ಹಿಡಿದು ಹುಡುಕಿದಳು. "ಕೂದ್ಲು ಎಲ್ಲಿ ಮೇಡಂ?"

"ಆಯಿ..." ಎಂದೆ.

"ನಿಮ್ಗೂ ಇದ್ದಾರಾ?" ಎಂದು ನಿಟ್ಟುಸಿರಿಟ್ಟಳು. "ಅಂಕೋಲೆ ಕಡೆಯಿಂದ ಬರೋರ್ಗೆಲ್ಲ ಒಬ್ಬೊಬ್ಬರು ಆಯಿ ಇರ್ತಾರೆ."

ಮತ್ತೆ ಬೆಳೆಸಿದೆ, ತಿಂಗಳುಗಟ್ಟಲೆ ಅಲೆದು ಒಂದೊಂದಾಗಿ ಸುಡಿಸಿಕೊಂಡೆ, ಶೆಟಗೇರಿಗೆ ಕಾಲಿಡಲಿಲ್ಲ. ನಿಶ್ಚಿತಾರ್ಥಕ್ಕೆ ನಾಲ್ಕು ದಿನವಿರುವಾಗ ಕೊನೆಯದೂ ಹೋಯಿತು. ನುಣ್ಣಗಿನ ಗದ್ದ ಮುಟ್ಟಿಕೊಂಡು ನಿಜಕ್ಕೂ ಕಣ್ಣಲ್ಲಿ ನೀರು ಬಂತು.

ಮೊನ್ನೆ ಫೋಟೊ ಬಂದಿದೆ. ನಡುವೆ ಮಗಳು. ಅವಳ ಹೆಗಲ ಮೇಲೆ ಎರಡೂ ಕೈಯಿಟ್ಟು ಆಯಿ ಬಾಯ್ತುಂಬ ನಗುತ್ತಿದ್ದಾಳೆ. ಆಯಿಯ ಗದ್ದದ ಮೇಲೆ ಮೂರು ಬಿಳಿ ಕೂದಲು ಬಿಸಿಲಿಗೆ ಫಳಫಳ ಹೊಳೆಯುತ್ತಿವೆ; ನನ್ನವನ್ನು ಕಿತ್ತವಳು ತನ್ನವನ್ನು ಮುಟ್ಟಿಯೇ ಇಲ್ಲ. ಪಕ್ಕದಲ್ಲಿ ನಾನು, ಒಂದೂ ಕೂದಲಿಲ್ಲದ ಗದ್ದವನ್ನು ಅಂಗೈಯಲ್ಲಿ ಭದ್ರವಾಗಿ ಮುಚ್ಚಿಕೊಂಡು ನಿಂತಿದ್ದೇನೆ.

ಕಚೇರಿಯಲ್ಲಿ ತೋರಿಸಿದೆ. "ಅಲ್ಲೂ ಯೋಚನೆಯೇನ್ರೀ ಮೇಡಂ?" ಎನ್ನುತ್ತ ಸಾಹೇಬರು ಇನ್ನೆರಡು ಕಡತ ನನ್ನ ಮೇಜಿಗಿಟ್ಟರು.