ಕಾಟಿಪಳ್ಳದ ಅಜ್ಜಿ ಮತ್ತು ನನ್ನ ಡಬ್ಬಿ

ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ ಇಪ್ಪತ್ತಾರು ವರ್ಷ ಸವೆದವನು ನಾನು. ಸಾಕಾಯಿತು, ಬಿಡ್ತೇನೆ ಅಂತ ಪ್ರತಿ ಸೋಮವಾರ ಹೇಳ್ತೇನೆ. ಅಷ್ಟರಲ್ಲಿ ಯಾರಾದರೂ ಒಂದು ಮಗುವನ್ನು ಎತ್ತಿಕೊಂಡು ಬರ್ತಾರೆ, ರಾಜೀನಾಮೆ ಮುಂದಿನ ಸೋಮವಾರಕ್ಕೆ ಹೋಗ್ತದೆ.

ಯಾರಿಗೆ ಜ್ವರ?

ಮೊನ್ನೆ ಕಾಟಿಪಳ್ಳದಿಂದ ಒಬ್ಬರು ಅಜ್ಜಿ, ಅವರ ಸೊಸೆ, ಮೂವತ್ತೈದು ದಿನದ ಮೊಮ್ಮಗ ಬಂದರು. ಮೊಮ್ಮಗ ಎಲ್ಲಿದ್ದಾನೆಂದು ನೋಡಲು ಮೂರು ಟವೆಲ್, ಎರಡು ಟೊಪ್ಪಿ ಬಿಚ್ಚಬೇಕಾಯಿತು.

"ಹಾಲು ಕುಡಿಯುವುದಿಲ್ಲ, ಮೈ ಬಿಸಿ ಉಂಟು" ಅಂದಳು ಸೊಸೆ.

"ಅದು ಟವೆಲಿನ ಬಿಸಿ" ಅಂದರು ಅಜ್ಜಿ.

ಸರಿ, ಬಿಚ್ಚಿ ಮಲಗಿಸಿ ಕಾಲು ಗಂಟೆ ಬಿಟ್ಟು ನೋಡಿದೆ. ನೂರಾ ಒಂದೂವರೆ. ಅಜ್ಜಿ ಥರ್ಮಾಮೀಟರನ್ನು ಮುಟ್ಟಿ ನೋಡಿ, "ಇದೇ ಬಿಸಿ ಉಂಟಲ್ಲ ಮಾರಾಯ, ಜ್ವರ ಇದಕ್ಕೆ!" ಅಂದರು.

ಶ್ಶ್ಶ್

ಡಾಕ್ಟರಮ್ಮ ಮಾತ್ರ ನಗಲಿಲ್ಲ. "ಇಷ್ಟು ಸಣ್ಣ ಮಗುವಿಗೆ ಜ್ವರ ಬಂದರೆ ಸೋಂಕು ರಕ್ತದಲ್ಲಿರಬಹುದು, ಮೂತ್ರದಲ್ಲಿರಬಹುದು, ಮೆದುಳಿನ ತನಕವೂ ಹೋಗಿರಬಹುದು. ರಕ್ತ ನಾನು ತೆಗೀತೇನೆ. ಮೂತ್ರ ಸಿಕ್ಕಿದ ಕೂಡಲೇ ಇಂಜೆಕ್ಷನ್. ಅರ್ಧ ಗಂಟೆಯಲ್ಲಿ ಸಿಗದಿದ್ದರೆ ಮೂತ್ರದ ದಾರಿಗೆ ಟ್ಯೂಬ್." ಟ್ಯೂಬ್ ಅಂದದ್ದೇ ಸೊಸೆ ಅಳಲು ಶುರು.

ಹಸುಗೂಸಿನ ಮೂತ್ರವನ್ನು ಗಾಳಿಯಲ್ಲೇ ಹಿಡಿಯುವುದರಲ್ಲಿ ಪಣಂಬೂರಿನಿಂದ ಈಚೆ ನನ್ನನ್ನು ಮೀರಿಸುವವರಿಲ್ಲ. ನಾನು ಬಾಗಿಲಲ್ಲಿ ಕಂಡರೆ ಸಾಕು, ಕೆಲವು ಮಕ್ಕಳು ಹೆದರಿ ಮಾಡಿಬಿಡ್ತವೆ. ತಣ್ಣನೆ ಹತ್ತಿಯಿಂದ ಕೆಳಹೊಟ್ಟೆ ಉಜ್ಜುತ್ತ ಡಬ್ಬಿ ಹಿಡಿದು ಕೂತೆ. ಮಗುವಿನ ಅಪ್ಪ ದುಬೈಯಿಂದ ವಿಡಿಯೋ ಕಾಲಿನಲ್ಲಿ.

"ಎಂತ, ಬಂತಾ? ಶ್ಶ್ಶ್ ಅಂತ ಹೇಳಿ, ಬರ್ತದೆ!"

ಅವನೇ ಶುರು ಮಾಡಿದ. ಅಜ್ಜಿ ಶ್ಶ್ಶ್, ಸೊಸೆ ಅಳುತ್ತಲೇ ಶ್ಶ್ಶ್, ಪಕ್ಕದ ಮಂಚದವರೂ ಶ್ಶ್ಶ್. ಇಪ್ಪತ್ತು ನಿಮಿಷ. ಮಗು ಜಗ್ಗಲಿಲ್ಲ. ಡಬ್ಬಿ ಸೊಸೆಯ ಕೈಗೆ ಕೊಟ್ಟು ಟಾಯ್ಲೆಟಿಗೆ ಓಡಿದವನು ನಾನು.

ಅಜ್ಜಿಯ ಶುಚಿ

ಕೈ ತೊಳೆದು ಬಂದು ಮತ್ತೆ ಕೂತದ್ದೇ, ಬಂತು! ಒಂದು ಹನಿ ಆಚೆ ಬೀಳದ ಹಾಗೆ ಹಿಡಿದೆ. ಮುಚ್ಚಳ ಹಾಕಿ ಮೇಜಿನ ಮೇಲಿಟ್ಟು ಲೇಬಲ್ ತರಲು ಹೋದೆ. ಬರುವಾಗ ಡಬ್ಬಿ ಖಾಲಿ. ಬೋರಲು ಒಣಗ್ತಾ ಉಂಟು.

"ಅಜ್ಜೀ, ಇದರಲ್ಲಿದ್ದದ್ದು?"

"ಚೆಲ್ಲಿದೆ. ಊಟ ಇಡುವ ಮೇಜಿನ ಮೇಲೆ ಉಚ್ಚೆ ಇಟ್ಟು ಹೋಗ್ತಾರಾ? ಸೋಪು ಹಾಕಿ ತೊಳೆದಿದ್ದೇನೆ."

ದುಬೈಯಿಂದ ದಢಾರನೆ ಶಬ್ದ ಬಂತು. ಬಿದ್ದದ್ದು ಫೋನಾ, ಅಪ್ಪನಾ ಗೊತ್ತಾಗಲಿಲ್ಲ.

ಡಬ್ಬಿ ವಾಪಸು

ಕೊನೆಗೆ ಡಾಕ್ಟರಮ್ಮ ಟ್ಯೂಬ್ ಹಾಕಿಯೇ ತೆಗೆದರು, ಇಂಜೆಕ್ಷನ್ ಶುರುವಾಯಿತು. ವಿಷಯ ತಿಳಿದ ಅಜ್ಜಿ ಮುಖ ಸಣ್ಣ ಮಾಡಿ, ಹೊಸ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಜೊತೆ ಲ್ಯಾಬಿಗೇ ಬಂದರು. "ಜಾಗ್ರತೆ, ಯಾರಾದ್ರೂ ತೊಳೆದುಬಿಟ್ಟಾರು!" ಅಂತ ಲ್ಯಾಬಿನವನಿಗೆ ತಾಕೀತು ಬೇರೆ.

ಸೋಂಕು ಮೂತ್ರದಲ್ಲೇ ಇತ್ತು, ರಕ್ತಕ್ಕೆ ಏರಿರಲಿಲ್ಲ. ಮೂರನೇ ದಿನ ಜ್ವರ ಬಿಟ್ಟು ಮಗು ಹಾಲಿಗೆ ಕಿರುಚಿತು. ಆ ಕಿರುಚಾಟ ಕೇಳಿ ದುಬೈಯ ಅಪ್ಪ ಅತ್ತ. ನಾನು ಅಳಲಿಲ್ಲ, ಕಣ್ಣಿಗೆ ಏನೋ ಬಿದ್ದಿತ್ತು.

ಮನೆಗೆ ಹೋಗುವ ದಿನ ಅಜ್ಜಿ ಚೀಲದಿಂದ ಒಂದು ಡಬ್ಬಿ ತೆಗೆದರು. ಅದೇ, ಮೊದಲನೆಯದು. ಅದರ ತುಂಬ ಮನೆಯ ಹಲ್ವಾ.

"ನಿಮ್ಮದು ನನ್ನ ಹತ್ತಿರವೇ ಉಳಿದಿತ್ತು. ಖಾಲಿ ಪಾತ್ರೆ ವಾಪಸು ಕೊಡಬಾರದಲ್ಲ?"

ನಾನು ಹಲ್ವಾ ನೋಡಿದೆ. ಡಬ್ಬಿ ನೋಡಿದೆ. ಅಜ್ಜಿ ಬೆನ್ನು ತಟ್ಟಿದರು.

"ತಿನ್ನಿ ಮಾರಾಯ, ಎಂತ ಹೆದರಿಕೆ? ನಾನು ತೊಳೆದದ್ದು ನೀವೇ ನೋಡಿದ್ದೀರಲ್ಲ!"