ತೊಟ್ಟಿಲ ಕೊಂಡಿ ಮತ್ತು ನಮ್ಮಣ್ಣನ ಆಯಸ್ಕಾಂತ

ನಮ್ಮಣ್ಣನಿಗೆ ದೇವರ ಮೇಲೆ ನಂಬಿಕೆಯಿದೆ. ಗುಡಿಯ ಗಂಟೆಯ ಮೇಲಿಲ್ಲ! ಬಾರಿಸುವ ಮುನ್ನ ಅದರ ಕೊಂಡಿಯನ್ನು ಕತ್ತೆತ್ತಿ ನೋಡುತ್ತಾನೆ. ಹಿಟ್ನಾಳದ ಕಡೆಯ ಉಕ್ಕಿನ ಕಾರ್ಖಾನೆಯೊಂದರಲ್ಲಿ ಲೋಹವನ್ನು ಎಳೆದು, ಬಗ್ಗಿಸಿ, ಮುರಿದು ನೋಡುವುದೇ ಅವನ ನೌಕರಿಯಾಗಿತ್ತು. ಅವನು ನಿವೃತ್ತನಾದ; ಅಂಗಿ ಜೇಬಿನ ಆಯಸ್ಕಾಂತ ಇನ್ನೂ ಆಗಿಲ್ಲ.

ನನ್ನ ಮಗಳಿಗೆ ವರ ನೋಡಲು ಕುಷ್ಟಗಿಗೆ ಹೋದಾಗ, ಅವರು ಕೊಟ್ಟ ಉಪ್ಪಿಟ್ಟನ್ನು ಗಬಗಬ ಮುಗಿಸಿ ಸ್ಟೀಲ್ ಬಟ್ಟಲಿಗೆ ಆಯಸ್ಕಾಂತ ಹಿಡಿದ! ತಳಕ್ಕೆ ಹತ್ತಲಿಲ್ಲ, ಅಂಚಿಗೆ ಹತ್ತಿತು.

"ಯಾಕ್ರಿ, ನಮ್ಮ ಸ್ಟೀಲ್ ಖೊಟ್ಟಿ ಏನ್ರಿ?" ವರನ ತಂದೆಯ ಮುಖ ಕೆಂಪಾಯಿತು.

"ಛೇ, ಛಲೋ ಮಾಲು ಐತ್ರಿ! ಎಳದು ಬಗ್ಗಿಸಿದಲ್ಲಿ ಒಳಗಿಂದೊಳಗ ರೂಪ ಬದಲಿ ಮಾಡಿಕೊಂಡು ಗಟ್ಟಿ ಆಗೈತಿ, ಅದಕ್ಕ ಅಂಚಿಗಷ್ಟ ಆಯಸ್ಕಾಂತ ಹತ್ತೈತಿ."

ಸಂಬಂಧ ಕೂಡಿತು. ಹನುಮಪ್ಪ ದೇವರ ದಯೆ, ಬಟ್ಟಲಿನದಲ್ಲ!

ಮೊನ್ನೆ ಗಂಗಾವತಿಯ ನಮ್ಮ ಮನೆಯಲ್ಲಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಮಗಳನ್ನು ತೂಗಿದ ಅದೇ ತೊಟ್ಟಿಲು. ಅದನ್ನು ತೊಲೆಗೆ ತೂಗುಹಾಕಲು, ಅವಳು ಹುಟ್ಟಿದಾಗ ಅಣ್ಣನೇ ಬಗ್ಗಿಸಿ ಕೊಟ್ಟ ಅದೇ ಸ್ಟೀಲ್ ಕೊಂಡಿ. ಪದ್ಧತಿಯಂತೆ ಮೊದಲು ಮಸಾಲೆ ಅರೆಯುವ ಗುಂಡುಕಲ್ಲಿಗೆ ಕೂಸಿನ ಕುಂಚಿಗೆ ತೊಡಿಸಿ ಮಲಗಿಸಿದ್ದೆವು. ಹೆಂಗಸರು ಜೋಗುಳಕ್ಕೆ ಬಾಯಿ ತೆರೆಯುವಷ್ಟರಲ್ಲಿ, ಆಗಷ್ಟೇ ಬಸ್ಸಿಳಿದು ಬಂದ ಅಣ್ಣ ಸ್ಟೂಲ್ ಹತ್ತಿ ಕೊಂಡಿಗೆ ಭೂತಗನ್ನಡಿ ಹಿಡಿದ.

"ಕೂಸಿನ ಹೆಸರು ಕೊಂಡಿ ಮ್ಯಾಲ ಬರದೈತೇನೋ ತಮ್ಮಾ?" ಎದುರುಮನೆಯ ಅಜ್ಜಿ ಕಿಚಾಯಿಸಿದಳು.

ಅಣ್ಣ ನಗಲಿಲ್ಲ. "ಕಲ್ಲು ತಗೀರಿ. ಕೊಂಡಿ ಬಿರುಕು ಬಿಟ್ಟೈತಿ."

ನಾನೂ ಸ್ಟೂಲ್ ಹತ್ತಿ ನೋಡಿದೆ. ಕೂದಲೆಳೆಯಂಥ ಗೆರೆ! ಎಂದು ಬಿಟ್ಟಿತ್ತೋ! ಇದರ ಕೆಳಗೇ ನನ್ನ ಮಗಳು ಮಲಗಿದ್ದಳೇ?

"ಬಿರುಕಿನ ತುದಿಗೆ ಎಳತ ಭಾಳ ಇರತೈತಿ, ತಂಗಿ. ಅಲ್ಲೇ ಈ ಉಕ್ಕು ರೂಪ ಬದಲಿಸಿ ಗಟ್ಟಿ ಆಗತೈತಿ, ಚೂರು ಉಬ್ಬತೈತಿ, ಬಿರುಕನ್ನ ಒತ್ತಿ ಹಿಡೀತೈತಿ. ಅದಕ್ಕ ತಾಳೈತಿ."

"ಹಂಗಾದ್ರ ಇನ್ನೂ ತಾಳತೈತೇನು?"

"ಬಿರುಕು ಬೆಳಿಯೋದನ್ನ ತಡಾ ಮಾಡತೈತಿ, ಅಷ್ಟ. ನಿಲ್ಲಿಸೇ ಬಿಡತೈತಿ ಅಂತ ಕೂಸಿನ ಮುಂದ ಹ್ಯಾಂಗ ಹೇಳ್ಲಿ?"

ಜೇಬಿನಿಂದ ಹೊಸ ಕೊಂಡಿ ಬಂತು! ಅದಕ್ಕೂ ಪರೀಕ್ಷೆ ಬೇಡವೇ? ಓಣಿಯ ಗುಂಡುಕಲ್ಲುಗಳೆಲ್ಲ ಬಂದು ತೊಟ್ಟಿಲೇರಿದವು. ಐದು ಕಲ್ಲಿಗೆ ಐದು ಜೋಗುಳ!

"ಇಷ್ಟು ಮಕ್ಕಳನ್ನ ಹಡದೀ ಅಂತ ಗೊತ್ತಿರಲಿಲ್ಲವ್ವಾ!" ಅಜ್ಜಿ ನನ್ನ ಮಗಳಿಗೆಂದಳು.

ಕೊನೆಗೂ ಮೊಮ್ಮಗಳು ಮಲಗಿದಳು. ಹಳೆಯ ಕೊಂಡಿಯನ್ನು ತೊಳೆದು, ಕುಂಕುಮ ಹಚ್ಚಿ ದೇವರ ಜಗಲಿಯ ಮೇಲಿಟ್ಟೆ. ಅಷ್ಟು ದಿನ ತಾಳಿತಲ್ಲ, ಅಷ್ಟು ಸಾಕು ತಂದೆ!

ತಿರುಗಿ ಬಂದರೆ ಎಲ್ಲರೂ ಊಟಕ್ಕೆ ಕುಳಿತಿದ್ದಾರೆ. ಅಣ್ಣನೊಬ್ಬ ತೊಟ್ಟಿಲ ಪಕ್ಕ, ನೆಲದ ಮೇಲೆ.

"ಐದು ಕಲ್ಲು ತಾಳಿದ ಕೊಂಡಿ ಅದು. ಊಟಕ್ಕ ಏಳು ಅಣ್ಣಾ."

"ನೀವು ಉಣ್ರಿ," ಎಂದ. ಅವನ ಎರಡೂ ಅಂಗೈಗಳು ತೊಟ್ಟಿಲ ಕೆಳಗೆ ಚಾಚಿಕೊಂಡಿದ್ದವು.